ಕಿಕ್‌ಗಾಗಿ ಶಿನ್ ಗಟ್ಟಿ ಮಾಡಿಕೊಳ್ಳುವುದು ಹೇಗೆ? ಬಾಟಲಿ ಉರುಳಿಸುವುದು ನಿಜಕ್ಕೂ ಬೇಕೇ?

ಪ್ರಶ್ನೆ

ನಾನು ಕಿಕ್‌ಬಾಕ್ಸಿಂಗ್ ಅಭ್ಯಾಸ ಆರಂಭಿಸಿ ಕೆಲವು ತಿಂಗಳುಗಳಾಗಿವೆ. ಪಂಚ್‌ಗಳ ವಿಷಯದಲ್ಲಿ ಹೇಳಿಕೊಳ್ಳುವಂಥ ತೊಂದರೆಯಿಲ್ಲ, ಗ್ಲೌಸ್ ಮತ್ತು ಕೈಪಟ್ಟಿ ಇರುವುದರಿಂದ ಕೈಗೆ ರಕ್ಷಣೆಯಿದೆ. ಆದರೆ ಪಕ್ಕದಿಂದ ಸುತ್ತಿ ಬರುವ ರೌಂಡ್‌ಹೌಸ್ ಕಿಕ್ ಹೊಡೆದಾಗ ಶಿನ್, ಅಂದರೆ ಮಂಡಿಯ ಕೆಳಗೆ ಚರ್ಮದಡಿಯಲ್ಲೇ ಬೆರಳಿಗೆ ಸಿಗುವ ಆ ಮುಂಭಾಗದ ಎಲುಬು, ಹೆವಿ ಬ್ಯಾಗ್‌ಗೆ (ಅಭ್ಯಾಸಕ್ಕೆ ತೂಗುಹಾಕಿದ ಭಾರದ ಚೀಲಕ್ಕೆ) ತಾಗಿದೊಡನೆ ಕಣ್ಣಲ್ಲಿ ನೀರು ಬರುವಷ್ಟು ನೋಯುತ್ತದೆ. ನೋವಿಗೆ ಹೆದರಿ ಎರಡನೆಯ ಕಿಕ್ ತಾನಾಗಿಯೇ ಮೆತ್ತಗಾಗುತ್ತದೆ, ಮೂರನೆಯದು ಶಿನ್ ಬಿಟ್ಟು ಪಾದದ ಮೇಲ್ಭಾಗಕ್ಕೆ ಜಾರುತ್ತದೆ.

ನನ್ನೊಂದಿಗೆ ಅಭ್ಯಾಸ ಮಾಡುವ ಕೆಲವರು ತರಗತಿ ಮುಗಿದ ಮೇಲೆ ಗಾಜಿನ ಬಾಟಲಿಯನ್ನು ಶಿನ್ ಮೇಲೆ ಒತ್ತಿ ಮೇಲಿಂದ ಕೆಳಕ್ಕೆ ಉರುಳಿಸುತ್ತಾರೆ. ಇನ್ನು ಕೆಲವರು ಮರದ ಕೋಲಿನಿಂದ ತಟ್ಟಿಕೊಳ್ಳುತ್ತಾರೆ. ಹೀಗೆ ಮಾಡಿದರೆ ಅಲ್ಲಿನ ನರಗಳು ಸತ್ತು ನೋವೇ ಗೊತ್ತಾಗುವುದಿಲ್ಲ ಎಂಬುದು ಅವರ ವಾದ. ನನಗೆ ಇದರಲ್ಲಿ ನಂಬಿಕೆ ಬರುತ್ತಿಲ್ಲ, ಆದರೆ ತಪ್ಪೆಂದು ಹೇಳುವಷ್ಟು ತಿಳಿವಳಿಕೆಯೂ ಇಲ್ಲ. ಎಲುಬು ನಿಜವಾಗಿಯೂ ಗಟ್ಟಿಯಾಗುತ್ತದೆಯೇ, ಆಗುವುದಾದರೆ ಎಷ್ಟು ಕಾಲ ಬೇಕು, ಯಾವ ನೋವನ್ನು ಸಹಿಸಿ ಮುಂದುವರಿಯಬಹುದು ಮತ್ತು ಯಾವುದಕ್ಕೆ ನಿಲ್ಲಿಸಬೇಕು ಎಂಬುದನ್ನು ಅನುಭವವಿರುವವರು ವಿವರಿಸಬೇಕೆಂದು ವಿನಂತಿಸುತ್ತೇನೆ.

ಉತ್ತರ 1: ಮುಯ್ ಥಾಯ್ ಕಲಿಸುವವರಿಂದ

ನರ ಸಾಯುತ್ತದೆ ಎಂಬ ಮಾತನ್ನು ಮೊದಲು ಬದಿಗಿಡೋಣ. ಶಿನ್ ಅಷ್ಟು ನೋಯುವುದಕ್ಕೆ ಕಾರಣ ಎಲುಬಲ್ಲ, ಎಲುಬನ್ನು ಹೊದ್ದಿರುವ ತೆಳುವಾದ ಪೊರೆ. ಆ ಪೊರೆಯಲ್ಲಿ ನೋವಿನ ನರತಂತುಗಳು ದಟ್ಟವಾಗಿವೆ. ತೊಡೆಯಲ್ಲಿ ಎಲುಬಿಗೂ ಚರ್ಮಕ್ಕೂ ನಡುವೆ ದಪ್ಪನೆಯ ಸ್ನಾಯು ಇದೆ, ಆದರೆ ಟಿಬಿಯಾ ಎಂಬ ಈ ಎಲುಬಿನ ಒಳಮುಖದ ಮೇಲೆ ಚರ್ಮ ಬಿಟ್ಟರೆ ಹೆಚ್ಚೇನೂ ಇಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೆ ನೋವು ಕಡಿಮೆಯೆನಿಸುವುದು ನರಗಳು ಸತ್ತಿರುವುದರಿಂದಲ್ಲ. ಪದೇ ಪದೇ ಬರುವ, ಅಪಾಯವಿಲ್ಲದ ಪೆಟ್ಟಿಗೆ ಮಿದುಳು ಮೊದಲಿನಷ್ಟು ಗಾಬರಿಯಾಗುವುದನ್ನು ಬಿಡುತ್ತದೆ. ಜೊತೆಗೆ ಕಿಕ್‌ನ ಕೋನ ಸರಿಹೋಗಿ, ಎಲುಬಿನ ಚೂಪಾದ ಏಣು ಒಂದೇ ಕಡೆ ಬಡಿಯುವುದೂ ತಪ್ಪುತ್ತದೆ. ನಿಜಕ್ಕೂ ನರಕ್ಕೆ ಹಾನಿಯಾದರೆ ಅದು ಜೋಮು, ಉರಿ, ಪಾದ ಎತ್ತಲಾಗದ ದೌರ್ಬಲ್ಯವಾಗಿ ಕಾಣಿಸಿಕೊಳ್ಳುತ್ತದೆ. ಅಂಥದ್ದನ್ನು ಯಾವ ಕೋಚ್ ಕೂಡ ಸಾಧನೆಯೆಂದು ಬಯಸಬಾರದು.

ಎಲುಬು ಗಟ್ಟಿಯಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹೌದು, ಆದರೆ ನಿಮ್ಮ ಸಹಪಾಠಿಗಳು ಅಂದುಕೊಂಡ ದಾರಿಯಿಂದ ಅಲ್ಲ. ಎಲುಬು ತನ್ನ ಮೇಲೆ ಬೀಳುವ ಹೊರೆಗೆ ತಕ್ಕಂತೆ ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲೇ ವಿವರವಾಗಿ ಬರೆದರು. ಚಿಕ್ಕಂದಿನಿಂದ ಟೆನ್ನಿಸ್ ಆಡಿದವರ ರಾಕೆಟ್ ಹಿಡಿಯುವ ತೋಳಿನ ಎಲುಬು ಇನ್ನೊಂದು ತೋಳಿನದಕ್ಕಿಂತ ದಪ್ಪವಾಗಿರುವುದು ಇದಕ್ಕೆ ಒಳ್ಳೆಯ ನಿದರ್ಶನ. ಎಲುಬಿನೊಳಗಿನ ಜೀವಕೋಶಗಳು ಗಮನಿಸುವುದು ಎಲುಬು ಬಾಗುವ, ತಿರುಚುವ, ಕ್ಷಣಮಾತ್ರ ಹಿಗ್ಗಿ ಕುಗ್ಗುವ ಒತ್ತಡವನ್ನು. ಬ್ಯಾಗ್‌ಗೆ ಸರಿಯಾಗಿ ಬಿದ್ದ ಕಿಕ್‌ನಲ್ಲಿ, ಸ್ಕಿಪ್ಪಿಂಗ್‌ನಲ್ಲಿ, ಜಿಗಿತದಲ್ಲಿ ಆ ಒತ್ತಡ ಇದೆ. ಬಾಟಲಿ ಉರುಳಿಸುವುದರಲ್ಲಿ ಇಲ್ಲ, ಅದು ಮೇಲಿನ ಪೊರೆಯನ್ನು ಎಲುಬಿಗೆ ಒತ್ತಿ ಅರೆಯುತ್ತದೆ ಅಷ್ಟೆ. ಅದರಿಂದ ಸಿಗುವುದು ಊತ ಮತ್ತು ನೋವು. ಎಲುಬಿಗೆ ಹೊಸದಾಗಿ ಕಟ್ಟಿಕೊಳ್ಳಲು ಕಾರಣವೇ ಸಿಗುವುದಿಲ್ಲ.

ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿಯಿದೆ, ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಮರ್ಮವೇ ಅದು. ಹಳೆಯ ಗಾರೆಯನ್ನು ಕೆರೆದು ತೆಗೆದ ಮೇಲೆಯೇ ಗೋಡೆಗೆ ಹೊಸ ಗಾರೆ ಹಿಡಿಸುವಂತೆ, ಹೊರೆ ಬಿದ್ದ ಜಾಗದಲ್ಲಿ ಎಲುಬು ಮೊದಲು ಹಳೆಯ ಭಾಗವನ್ನು ಕರಗಿಸಿ ತೆಗೆಯುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ಕರಗಿಸುವ ಕೆಲಸಕ್ಕೆ ಸುಮಾರು 3 ವಾರ ಸಾಕು, ಆದರೆ ತುಂಬಿ ಖನಿಜಗಟ್ಟಿ ಬಲವಾಗಲು 3 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಬೇಕು. ಆದ್ದರಿಂದ ಹೊಸಬರು ಉತ್ಸಾಹದಿಂದ ಪ್ರತಿದಿನ ಬ್ಯಾಗ್ ಬಾರಿಸತೊಡಗಿದ ಮೊದಲ ಒಂದೆರಡು ತಿಂಗಳಲ್ಲಿ ಎಲುಬಿನ ಆ ಭಾಗ ಮೊದಲಿಗಿಂತ ಸ್ವಲ್ಪ ದುರ್ಬಲವಾಗಿಯೇ ಇರುವ ಸಾಧ್ಯತೆಯಿದೆ. ಅದೇ ಹೊತ್ತಿಗೆ ನೋವು ಅಭ್ಯಾಸವಾಗಿ, ಸ್ನಾಯುಗಳಿಗೆ ಬಲ ಬಂದು, ಕಿಕ್ ಜೋರಾಗತೊಡಗಿರುತ್ತದೆ. ಕೂದಲೆಳೆಯ ಬಿರುಕುಗಳು ಹುಟ್ಟುವುದು ಸಾಮಾನ್ಯವಾಗಿ ಈ ಅಂತರದಲ್ಲೇ. ನೋವು ಇಲ್ಲ ಎಂಬುದು ಎಲುಬು ಸಿದ್ಧವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಹಾಗಾದರೆ ಮಾಡಬೇಕಾದುದೇನು? ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನವಾದರೂ ಬಿಡುವು ಇರುವಂತೆ ಬ್ಯಾಗ್ ಮೇಲೆ ಶಿನ್ ಕಿಕ್ ಹಾಕಿರಿ. ಆರಂಭದಲ್ಲಿ ಪ್ರತಿ ಕಾಲಿಗೆ 20ರಿಂದ 30 ಕಿಕ್, ಅರ್ಧ ಬಲದಲ್ಲಿ, ಸಾಕು. ಅದಕ್ಕಿಂತ ಕಡಿಮೆಯಾದರೂ ನಷ್ಟವಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಂತೆ ಎಲುಬಿನ ಕೋಶಗಳು ಮೊದಲ ಕೆಲವು ಹತ್ತು ಪೆಟ್ಟುಗಳಿಗೆ ಚೆನ್ನಾಗಿ ಸ್ಪಂದಿಸಿ, ಆಮೇಲೆ ಮಂಕಾಗುತ್ತವೆ, ಕೆಲವು ಗಂಟೆಗಳ ವಿಶ್ರಾಂತಿಯ ನಂತರವೇ ಮತ್ತೆ ಚುರುಕಾಗುತ್ತವೆ. ಆದ್ದರಿಂದ ಒಂದೇ ಸಲಕ್ಕೆ ನೂರಾರು ಕಿಕ್ ಹೊಡೆಯುವುದು ಎಲುಬಿನ ಮಟ್ಟಿಗೆ ವ್ಯರ್ಥ ಶ್ರಮ. ಹೆಚ್ಚಿಸುವಾಗ ಮೊದಲು ಸಂಖ್ಯೆಯನ್ನು ಹೆಚ್ಚಿಸಿ, ಕೆಲವು ವಾರ ಅಲ್ಲೇ ನಿಂತು, ಆಮೇಲೆ ಬಲವನ್ನು ಹೆಚ್ಚಿಸಿ. ಎರಡನ್ನೂ ಒಂದೇ ವಾರದಲ್ಲಿ ಹೆಚ್ಚಿಸಬೇಡಿ.

ಬ್ಯಾಗ್ ಯಾವುದು ಎಂಬುದೂ ಮುಖ್ಯ. ಬಟ್ಟೆಯ ಚೂರು ತುಂಬಿದ ಬ್ಯಾಗ್ ತೂಗುಹಾಕಿದ ಕೆಲವೇ ತಿಂಗಳಲ್ಲಿ ಒಳಗಿನದೆಲ್ಲ ಕೆಳಕ್ಕೆ ಇಳಿದು, ತಳಭಾಗ ಕಲ್ಲಿನಂತಾಗಿ ಮೇಲ್ಭಾಗ ಜೋಲುತ್ತದೆ. ಲೋ ಕಿಕ್, ಅಂದರೆ ಎದುರಾಳಿಯ ಕಾಲಿಗೆ ಹಾಕುವ ಕಿಕ್, ಅಭ್ಯಾಸ ಮಾಡುವವರ ಶಿನ್ ನೇರವಾಗಿ ಆ ಗಟ್ಟಿ ತಳಕ್ಕೇ ಹೋಗಿ ಬಡಿಯುತ್ತದೆ. ಕಿಕ್ ಹಾಕುವ ಮೊದಲು ಬ್ಯಾಗ್ ಅನ್ನು ಮೇಲಿಂದ ಕೆಳಕ್ಕೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಬೆರಳು ಸ್ವಲ್ಪ ಒಳಗಿಳಿಯುವ ಎತ್ತರ ಎಲ್ಲಿದೆಯೋ ಹೊಸಬರ ಕಿಕ್ ಅಲ್ಲಿ ಬೀಳಬೇಕು. ಕೋಚ್ ಹಿಡಿಯುವ ಕಿಕ್ ಪ್ಯಾಡ್ ಇದಕ್ಕಿಂತಲೂ ಒಳ್ಳೆಯದು, ಏಕೆಂದರೆ ಹಿಡಿದವರು ಪೆಟ್ಟನ್ನು ಸ್ವಲ್ಪ ಹಿಂದಕ್ಕೆ ಬಿಟ್ಟುಕೊಡುತ್ತಾರೆ.

ಇನ್ನು ತಾಗಬೇಕಾದ ಜಾಗದ ವಿಷಯ. ಶಿನ್‌ನ ನಡುಭಾಗ ಅಥವಾ ಅದಕ್ಕಿಂತ ತುಸು ಕೆಳಗೆ ತಾಗಲಿ, ಪಾದ ಚಾಚಿ ಬಿಗಿಯಾಗಿರಲಿ. ನಿಮ್ಮ ಮೂರನೆಯ ಕಿಕ್ ಪಾದದ ಮೇಲ್ಭಾಗಕ್ಕೆ ಜಾರುತ್ತದೆ ಎಂದಿದ್ದೀರಿ. ಬ್ಯಾಗ್ ಮೇಲೆ ಅದರಿಂದ ಏನೂ ಆಗದಿರಬಹುದು, ಆದರೆ ಸ್ಪಾರಿಂಗ್‌ನಲ್ಲಿ, ಅಂದರೆ ಜೊತೆಗಾರರೊಂದಿಗಿನ ಅಭ್ಯಾಸದ ಹೋರಾಟದಲ್ಲಿ, ಎದುರಾಳಿಯ ಮೊಣಕೈಗೆ ಬಡಿದರೆ ಪಾದದ ಸಣ್ಣ ಎಲುಬುಗಳು ಸುಲಭವಾಗಿ ಮುರಿಯುತ್ತವೆ. ಜಾರುವುದಕ್ಕೆ ಮುಖ್ಯ ಕಾರಣ ದೂರ. ನೋವಿಗೆ ಹೆದರಿದವರು ತಿಳಿಯದೆಯೇ ಅರ್ಧ ಹೆಜ್ಜೆ ಹಿಂದೆ ನಿಲ್ಲುತ್ತಾರೆ. ಬಲವನ್ನು ಕಡಿಮೆ ಮಾಡಿ, ದೂರವನ್ನು ಸರಿಮಾಡಿಕೊಳ್ಳಿ.

ಉತ್ತರ 2: ಫಿಸಿಯೋಥೆರಪಿ ವೃತ್ತಿಯಲ್ಲಿರುವವರಿಂದ

ಮೇಲಿನ ವಿವರಣೆಗೆ ನನ್ನ ಸಹಮತವಿದೆ. ಯಾವ ನೋವಿಗೆ ನಿಲ್ಲಿಸಬೇಕು ಎಂಬ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಕಾಯಬಾರದ ನೋವಿಗೆ ಕಾದು ಕುಳಿತವರನ್ನು ನಾನು ಬಹಳ ನೋಡಿದ್ದೇನೆ.

ಕಿಕ್ ತಾಗಿದ ಕ್ಷಣದ ನೋವು, ಅದರ ನಂತರ ಒಂದೆರಡು ದಿನ ಉಳಿಯುವ ಮುಟ್ಟಿದರೆ ನೋಯುವ ಮೃದುತ್ವ, ನೀಲಿಗಟ್ಟಿದ ಚರ್ಮ ಇವು ನಿರೀಕ್ಷಿತ. ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಟ್ಟು, ಕಾಲನ್ನು ಎತ್ತರದಲ್ಲಿರಿಸಿದರೆ ಆರಾಮವೆನಿಸುತ್ತದೆ. ಹೊಸದಾಗಿ ರಕ್ತ ಹೆಪ್ಪುಗಟ್ಟಿದ ಜಾಗವನ್ನು ಬಲವಾಗಿ ಉಜ್ಜಬೇಡಿ. ವಿಶೇಷವಾಗಿ ಲೋ ಕಿಕ್ ತಿಂದ ತೊಡೆಯ ಸ್ನಾಯುವನ್ನು ಹಾಗೆ ತಿಕ್ಕಿದರೆ ಒಳಗಿನ ರಕ್ತಗಂಟಿನಲ್ಲಿ ಎಲುಬಿನಂಥ ಗಡ್ಡೆ ಬೆಳೆಯುವ ಅಪಾಯವಿದೆ. ಅಂಥ ಗಡ್ಡೆ ಬೆಳೆದರೆ ಮಂಡಿ ಮಡಚಲು ತಿಂಗಳುಗಟ್ಟಲೆ ಕಷ್ಟಪಡಬೇಕಾಗುತ್ತದೆ. ಮೆಂಥಾಲ್ ಬೆರೆತ ಥಾಯ್ ಎಣ್ಣೆಯಾಗಲಿ, ಚೀನೀ ಗಿಡಮೂಲಿಕೆಯ ಲೇಪಗಳಾಗಲಿ ಬಿಸಿಯ ಅನುಭವ ಕೊಟ್ಟು ನೋವನ್ನು ಮರೆಸುತ್ತವೆ, ಎಲುಬನ್ನು ಗಟ್ಟಿ ಮಾಡುವುದಿಲ್ಲ. ಚರ್ಮ ಒಡೆದಿದ್ದರೆ ಅವನ್ನು ಹಚ್ಚಲೇಬಾರದು. ಗಾಯವಿದ್ದಾಗ ಅದನ್ನು ಮುಚ್ಚದೆ ಮ್ಯಾಟ್ ಮೇಲೆ ಇಳಿಯುವುದೂ ತಪ್ಪು, ಶಿನ್ ಮೇಲಿನ ಸಣ್ಣ ತರಚುಗಾಯಗಳಿಂದ ಸೋಂಕು ಹರಡುವುದು ಅಪರೂಪವೇನಲ್ಲ.

ಎಲುಬಿನ ಮೇಲೆ ಒಂದೇ ಬೆರಳಿನಿಂದ ತೋರಿಸಬಹುದಾದ ನೋವು ಇದ್ದರೆ ಅದನ್ನು ಲಘುವಾಗಿ ತೆಗೆದುಕೊಳ್ಳಬಾರದು. ಬ್ಯಾಗ್ ಮುಟ್ಟದೆ ಬರೀ ನಡೆದಾಗಲೂ ನೋಯುವುದು, ರಾತ್ರಿ ಮಲಗಿದಾಗ ಮಿಡಿಯುವುದು, ಒಂಟಿಕಾಲಿನಲ್ಲಿ ಕುಪ್ಪಳಿಸಿದರೆ ಅದೇ ಬಿಂದುವಿನಲ್ಲಿ ಚುಚ್ಚುವುದು, ಇವೆಲ್ಲ ಎಲುಬಿನಲ್ಲಿ ಒತ್ತಡದ ಬಿರುಕು ಆಗಿರಬಹುದೆಂಬ ಸೂಚನೆಗಳು. ಕುಪ್ಪಳಿಸುವ ಪರೀಕ್ಷೆಯನ್ನು ಪದೇ ಪದೇ ಮಾಡಿ ನೋಡಬೇಡಿ, ಒಮ್ಮೆ ನೋವು ಬಂದರೆ ಸಾಕು. ಮೊದಲ 2ರಿಂದ 3 ವಾರ ಎಕ್ಸ್‌ರೇಯಲ್ಲಿ ಇಂಥ ಬಿರುಕು ಕಾಣದೇ ಹೋಗಬಹುದು, ಎಂಆರ್‌ಐಯಲ್ಲಿ ಬೇಗ ಕಾಣುತ್ತದೆ. ಆದ್ದರಿಂದ ಎಕ್ಸ್‌ರೇ ಚೆನ್ನಾಗಿದೆ ಎಂಬ ಕಾರಣಕ್ಕೆ ಮರುದಿನವೇ ಬ್ಯಾಗ್ ಮುಂದೆ ನಿಲ್ಲಬೇಡಿ. ಟಿಬಿಯಾದ ಮುಂಭಾಗದ ಏಣಿನಲ್ಲೇ ಬಿರುಕು ಬಂದಿದ್ದರೆ ಅದು ಕೂಡಿಕೊಳ್ಳುವುದು ಇನ್ನೂ ನಿಧಾನ, ಪೂರ್ತಿ ಮುರಿಯುವ ಅಪಾಯವೂ ಅಲ್ಲಿ ಹೆಚ್ಚು.

ಇನ್ನೊಂದು ಸ್ಥಿತಿ ಅಪರೂಪದ್ದು, ಆದರೆ ಅದರಲ್ಲಿ ಗಂಟೆಗಳ ಲೆಕ್ಕವಿರುತ್ತದೆ. ಶಿನ್‌ನ ಹೊರಬದಿಯಲ್ಲಿ ಪಾದವನ್ನು ಮೇಲೆತ್ತುವ ಸ್ನಾಯುಗಳು ಬಿಗಿಯಾದ, ಹಿಗ್ಗದ ಹೊದಿಕೆಯೊಳಗಿವೆ. ಜೋರಾದ ಪೆಟ್ಟಿನಿಂದ ಅಲ್ಲಿ ಊತ ಅಥವಾ ರಕ್ತಸ್ರಾವವಾದರೆ ಒಳಗಿನ ಒತ್ತಡ ಏರಿ ರಕ್ತಸಂಚಾರವೇ ನಿಲ್ಲಬಹುದು. ಕಾಲು ಹಲಗೆಯಂತೆ ಬಿಗಿಯುವುದು, ಪೆಟ್ಟಿನ ಪ್ರಮಾಣಕ್ಕೆ ಮೀರಿ ನೋವು ಏರುತ್ತಲೇ ಹೋಗುವುದು, ಹೆಬ್ಬೆರಳನ್ನು ಕೆಳಕ್ಕೆ ಬಾಗಿಸಿದರೆ ತಡೆಯಲಾರದ ನೋವು, ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಜೋಮು, ಇವು ಕಂಡರೆ ಬೆಳಗಾಗುವವರೆಗೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಸುಮಾರು 6 ಗಂಟೆ ಮೀರಿದರೆ ಸ್ನಾಯುವಿಗೆ ಶಾಶ್ವತ ಹಾನಿಯಾಗುವ ಸಂಭವ ಹೆಚ್ಚುತ್ತದೆ.

ಹದಿಹರೆಯದವರ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟಾದದ್ದು. ಎಲುಬಿನ ತುದಿಗಳಲ್ಲಿನ ಬೆಳವಣಿಗೆಯ ಮೃದ್ವಸ್ಥಿ ಇನ್ನೂ ಮುಚ್ಚದಿರುವಾಗ ಶಿನ್ ಗಟ್ಟಿ ಮಾಡುವ ಹೆಸರಿನಲ್ಲಿ ಯಾವ ಅಭ್ಯಾಸವೂ ಬೇಡ. ಆ ವಯಸ್ಸಿನಲ್ಲಿ ಮೆತ್ತನೆಯ ಪ್ಯಾಡ್, ಶಿನ್ ಗಾರ್ಡ್ ಮತ್ತು ಒಳ್ಳೆಯ ತಂತ್ರ ಇಷ್ಟೇ ಸಾಕು. ದೊಡ್ಡವರಲ್ಲೂ ತೂಕ ಇಳಿಸಲೆಂದು ಆಹಾರವನ್ನು ತೀರಾ ಕಡಿತಗೊಳಿಸಿದವರ, ಮುಟ್ಟು ನಿಂತುಹೋದ ಅಥವಾ ಅನಿಯಮಿತವಾದ ಮಹಿಳೆಯರ, ವಿಟಮಿನ್ ಡಿ ಕೊರತೆಯಿರುವವರ ಎಲುಬು ಹೊಸದಾಗಿ ಕಟ್ಟಿಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡಿರಬಹುದು. ಅಂಥವರು ಬ್ಯಾಗ್ ಅಭ್ಯಾಸವನ್ನು ಹೆಚ್ಚಿಸುವ ಮೊದಲು ವೈದ್ಯರನ್ನು ಕಾಣಬೇಕು. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರಿಗೂ ಇದೇ ಮಾತು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಬ್ಯಾಗ್ ಒತ್ತಿ ನೋಡಿದೆ, ನಾನು ಲೋ ಕಿಕ್ ಹಾಕುತ್ತಿದ್ದ ಎತ್ತರದಲ್ಲಿ ಹೆಬ್ಬೆರಳು ಇಳಿಯಲೇ ಇಲ್ಲ. ಎರಡು ವಿಷಯ ಕೇಳಬೇಕಿದೆ. ಒಂದು, ನನ್ನ ನೋವು ಒಂದು ಬಿಂದುವಿನಲ್ಲಿಲ್ಲ. ಶಿನ್‌ನ ಕೆಳಭಾಗದ ಒಳ ಅಂಚಿನುದ್ದಕ್ಕೂ ಒಂದು ಗೇಣಿನಷ್ಟು ಹರಡಿದೆ, ಬೆಳಿಗ್ಗೆ ಮೊದಲ ಹೆಜ್ಜೆಗಳಲ್ಲಿ ಹೆಚ್ಚು. ದಿನವೂ ಓಡುತ್ತೇನೆ, ಸ್ಕಿಪ್ಪಿಂಗ್ ಕೂಡ ಮಾಡುತ್ತೇನೆ. ಎರಡನೆಯದು, ಮಿಶ್ರ ಸಮರಕಲೆಯ (ಎಂಎಂಎ) ಹೆಸರಾಂತ ಹೋರಾಟಗಾರ ಆಂಡರ್ಸನ್ ಸಿಲ್ವಾ ಅವರಂಥ ಅನುಭವಿಯ ಕಾಲೇ ಕಿಕ್ ಹಾಕುವಾಗ ಮುರಿಯಿತಲ್ಲ, ಹಾಗಾದರೆ ಇಷ್ಟೆಲ್ಲ ಸಿದ್ಧತೆಯಿಂದ ಪ್ರಯೋಜನವೇನು?

ಉತ್ತರ 3: ಪೂರ್ಣ ಸಂಪರ್ಕದ ಕರಾಟೆ ಅಭ್ಯಾಸಿಯಿಂದ

ಎರಡನೆಯ ಪ್ರಶ್ನೆ ಬಹಳ ಸರಿಯಾದದ್ದು. 2013ರ ಡಿಸೆಂಬರ್ 28ರಂದು ಲಾಸ್ ವೇಗಸ್‌ನಲ್ಲಿ ನಡೆದ ಆ ಪಂದ್ಯದಲ್ಲಿ ಸಿಲ್ವಾ ಅವರ ಎಡಗಾಲಿನ ಕಿಕ್ ಅನ್ನು ಎದುರಾಳಿ ಕ್ರಿಸ್ ವೈಡ್‌ಮನ್ ಕಾಲೆತ್ತಿ ತಡೆದರು. ಸಿಲ್ವಾ ಅವರ ಶಿನ್‌ನ ಕೆಳಭಾಗ ವೈಡ್‌ಮನ್ ಮಂಡಿಯ ಬಳಿಯ ದಪ್ಪ ಎಲುಬಿಗೆ ಬಡಿದು ಟಿಬಿಯಾ ಮತ್ತು ಅದರ ಪಕ್ಕದ ತೆಳು ಎಲುಬಾದ ಫಿಬುಲಾ ಎರಡೂ ಮುರಿದವು. 2021ರ ಏಪ್ರಿಲ್ 24ರಂದು ಅದೇ ವೈಡ್‌ಮನ್ ಅವರ ಬಲಗಾಲು ಯುರೈಯಾ ಹಾಲ್ ವಿರುದ್ಧ ಪಂದ್ಯದ ಆರಂಭದ ಕಿಕ್‌ನಲ್ಲೇ ಅದೇ ರೀತಿ ಮುರಿಯಿತು. ಎಷ್ಟೇ ಅಭ್ಯಾಸ ಮಾಡಿದರೂ ಶಿನ್‌ನ ಕೆಳಗಿನ ತೆಳು ಭಾಗ ಮಂಡಿಯ ಸುತ್ತಲಿನ ಎಲುಬಿಗೆ ಸಮನಾಗುವುದಿಲ್ಲ ಎಂಬುದು ಇವೆರಡರಿಂದಲೂ ಸ್ಪಷ್ಟ. ಪ್ರಯೋಜನವಿಲ್ಲ ಎಂದಲ್ಲ, ಗಟ್ಟಿ ಶಿನ್‌ಗೂ ಮಿತಿಯಿದೆ. ಆ ಮಿತಿಯಾಚೆಗೆ ನಿಮ್ಮನ್ನು ಕಾಪಾಡುವುದು ಕಿಕ್ ಹಾಕುವ ಸಮಯ ಮತ್ತು ದೂರ. ಎದುರಾಳಿ ನಿರಾಳವಾಗಿ ನಿಂತು ನೋಡುತ್ತಿರುವಾಗ ಪೂರ್ಣ ಬಲದ ಲೋ ಕಿಕ್ ಹಾಕಬೇಡಿ. ಪಂಚ್‌ಗಳಿಂದ ಅವರ ಭಾರವನ್ನು ಮುಂಗಾಲಿನ ಮೇಲೆ ತಂದ ಮೇಲೆ ಹಾಕಿದರೆ ಅವರಿಗೆ ಆ ಕಾಲನ್ನು ಎತ್ತಲು ಅವಕಾಶವೇ ಇರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಮೊದಲ ಉತ್ತರಕ್ಕಿಂತ ನನ್ನ ಅಭಿಪ್ರಾಯ ಸ್ವಲ್ಪ ಭಿನ್ನ. ಬಾಟಲಿ ಬೇಡವೆಂಬುದು ಸರಿ, ಆದರೆ ಜೊತೆಗಾರರೊಂದಿಗೆ ಶಿನ್‌ಗೆ ಶಿನ್ ತಾಗಿಸಿ ಮೆಲ್ಲಗೆ ಮಾಡುವ ಅಭ್ಯಾಸವನ್ನು ಅದರೊಂದಿಗೆ ಸೇರಿಸಿ ತಳ್ಳಿಹಾಕಬಾರದು. ಎಲುಬಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ ಎಂದು ಒಪ್ಪುತ್ತೇನೆ, ಅದರ ಉಪಯೋಗ ಮನಸ್ಸಿಗೆ. ಬ್ಯಾಗ್ ತಿರುಗಿ ಹೊಡೆಯುವುದಿಲ್ಲ, ಗಾರ್ಡ್ ಕಟ್ಟಿದ ಸ್ಪಾರಿಂಗ್‌ನಲ್ಲೂ ಎಲುಬಿಗೆ ಎಲುಬು ತಾಗಿದ ಅನುಭವ ಸಿಗುವುದಿಲ್ಲ. ಕಾಲೆತ್ತಿ ಮಂಡಿಯನ್ನು ಹೊರಕ್ಕೆ ತಿರುಗಿಸಿ ಶಿನ್‌ನ ಮೇಲ್ಭಾಗದಲ್ಲಿ ಕಿಕ್ ತಡೆಯುವುದನ್ನು ಹತ್ತರಲ್ಲಿ ಎರಡು ಪಾಲು ಬಲದಲ್ಲಿ, ಇಬ್ಬರೂ ಉಸಿರು ಬಿಗಿಹಿಡಿಯದೆ ಮಾಡಿದರೆ, ತಾಗಿದಾಗ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ ತಪ್ಪುತ್ತದೆ. ಜೊತೆಗಾರರು ಸ್ಪರ್ಧೆಗಿಳಿಯುವ ಸ್ವಭಾವದವರಾದರೆ ಅವರೊಂದಿಗೆ ಇದನ್ನು ಮಾಡಲೇಬೇಡಿ.

ನಿಮ್ಮ ಶೈಲಿ ಯಾವುದೆಂಬುದನ್ನೂ ನೋಡಿಕೊಳ್ಳಿ. ಒಲಿಂಪಿಕ್ ಟೇಕ್ವಾಂಡೋ ನಿಯಮದಲ್ಲಿ ಕಣಕಾಲಿನ ಗಂಟಿನ ಕೆಳಗಿನ ಭಾಗದಿಂದ ತಾಗಿದ ಕಿಕ್ ಮಾತ್ರ ಮಾನ್ಯ, ಆದ್ದರಿಂದ ಅಲ್ಲಿನವರು ಶಿನ್ ಬದಲು ಪಾದ ಮತ್ತು ಕಣಕಾಲಿನ ಬಲಕ್ಕೆ ಸಮಯ ಕೊಡಬೇಕು. ಕರಾಟೆಯ ಮಾಯೆ ಗೆರಿಯಲ್ಲಿ, ಅಂದರೆ ನೇರ ಮುಂದಕ್ಕೆ ಒದೆಯುವ ಕಿಕ್‌ನಲ್ಲಿ, ಬೆರಳುಗಳನ್ನು ಹಿಂದಕ್ಕೆ ಮಡಚಿ ಅವುಗಳ ಬುಡದ ಗಟ್ಟಿ ಭಾಗದಿಂದ ಹೊಡೆಯುತ್ತೇವೆ. ಅಲ್ಲಿ ಮೊದಲು ಬೇಕಾದದ್ದು ಬೆರಳುಗಳು ಹಿಂದಕ್ಕೆ ಬಾಗುವ ಸರಾಗತೆ.

ಉತ್ತರ 4: ಕಿಕ್‌ಬಾಕ್ಸಿಂಗ್ ತರಬೇತುದಾರರೊಬ್ಬರಿಂದ

ಎಲ್ಲರೂ ಹೊಡೆಯುವ ಕಾಲಿನ ಬಗ್ಗೆ ಬರೆದಿದ್ದಾರೆ, ನಾನು ನಿಂತ ಕಾಲಿನ ಬಗ್ಗೆ ಬರೆಯಬಯಸುತ್ತೇನೆ. ಕಲಿಯಲು ಬಂದವರು ಶಿನ್ ನೋವೆಂದು ಹೇಳಿದಾಗ ನಾನು ಮೊದಲು ನೋಡುವುದು ಅವರ ಇನ್ನೊಂದು ಕಾಲಿನ ಹಿಮ್ಮಡಿಯನ್ನು. ಕಿಕ್ ತಾಗುವ ಹೊತ್ತಿಗೆ ಆ ಹಿಮ್ಮಡಿ ನೆಲದಿಂದ ತುಸು ಎದ್ದು, ಗುರಿಯ ಕಡೆಗೆ ತಿರುಗಿರಬೇಕು. ಅದು ನೆಲಕ್ಕೆ ಅಂಟಿಕೊಂಡಿದ್ದರೆ ಸೊಂಟ ತಿರುಗುವುದಿಲ್ಲ. ಸೊಂಟ ತಿರುಗದಿದ್ದರೆ ಶಿನ್ ಚಪ್ಪಟೆಯಾಗಿ ಬೀಳದೆ, ಕೆಳಗಿಂದ ಮೇಲಕ್ಕೆ ಗೀರಿಕೊಂಡು ಹೋಗುತ್ತದೆ. ಅಂಥ ಕಿಕ್‌ನಲ್ಲಿ ಎಲುಬಿನ ಏಣೇ ಬ್ಯಾಗ್‌ಗೆ ಸಿಗುತ್ತದೆ, ಜೊತೆಗೆ ನಿಂತ ಕಾಲಿನ ಮಂಡಿಯೂ ತಿರುಚಿಕೊಳ್ಳುತ್ತದೆ. ಶಿನ್ ನೋವೆಂದು ಬಂದು ಹಿಮ್ಮಡಿ ಸರಿಪಡಿಸಿಕೊಂಡ ಮೇಲೆ ಅರ್ಧ ನೋವು ಕಳೆದುಕೊಂಡವರು ಬಹಳ ಮಂದಿ ಇದ್ದಾರೆ.

ಬಲಕ್ಕಾಗಿ ಒಂಟಿಕಾಲಿನ ಸ್ಕ್ವಾಟ್, ಪೃಷ್ಠದ ಪಕ್ಕದ ಸ್ನಾಯುಗಳಿಗೆ ಪಕ್ಕಕ್ಕೆ ಮಲಗಿ ಕಾಲೆತ್ತುವ ವ್ಯಾಯಾಮ, ಒಳತೊಡೆಗೆ ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು ಮಾಡುವ ಸೈಡ್ ಪ್ಲ್ಯಾಂಕ್, ಮೀನಖಂಡಕ್ಕೆ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತುವುದು, ಇಷ್ಟನ್ನು ವಾರಕ್ಕೆ ಎರಡು ಸಲ ಮಾಡಿದರೆ ಒಳ್ಳೆಯ ಬುನಾದಿ ಸಿಗುತ್ತದೆ. ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿಗಳನ್ನು ಒಂದು ಅಡಿ ಮುಂದಿಟ್ಟು, ಪಾದದ ಮುಂಭಾಗವನ್ನು ಮೇಲಕ್ಕೆತ್ತುವ ವ್ಯಾಯಾಮವನ್ನು ಬಿಡಬೇಡಿ. ಶಿನ್‌ನ ಹೊರಬದಿಯ ಸ್ನಾಯು ತುಸು ದಪ್ಪವಾದಷ್ಟೂ ಆ ಬದಿಯಿಂದ ಬರುವ ಪೆಟ್ಟಿಗೆ ಒಂದು ಮೆತ್ತೆ ಸಿಕ್ಕಂತಾಗುತ್ತದೆ.

ಉತ್ತರ 5: ಫಿಸಿಯೋಥೆರಪಿ ವೃತ್ತಿಯಲ್ಲಿರುವವರಿಂದ ಮತ್ತೆ

ನಿಮ್ಮ ಮೊದಲ ಪ್ರಶ್ನೆಗೆ: ಕೆಳಭಾಗದ ಒಳ ಅಂಚಿನುದ್ದಕ್ಕೂ ಹರಡಿದ, ಬೆಳಗಿನ ಹೆಜ್ಜೆಗಳಲ್ಲಿ ಹೆಚ್ಚಿರುವ ನೋವು ಹೆಚ್ಚಾಗಿ ಓಟಗಾರರು ಶಿನ್ ಸ್ಪ್ಲಿಂಟ್ಸ್ ಎಂದು ಕರೆಯುವ ತೊಂದರೆ. ಇದನ್ನು ತರುವುದು ಬ್ಯಾಗ್‌ಗಿಂತ ಹೆಚ್ಚಾಗಿ ಓಟ ಮತ್ತು ಜಿಗಿತ. ದಿನವೂ ಓಡಿ, ಸ್ಕಿಪ್ಪಿಂಗ್ ಮಾಡಿ, ಅದರ ಮೇಲೆ ಗಟ್ಟಿ ಬ್ಯಾಗ್‌ಗೆ ಕಿಕ್ ಹಾಕಿದರೆ ಆ ಎಲುಬಿಗೆ ಬಿಡುವಿನ ದಿನ ಯಾವುದು? ಸ್ಕಿಪ್ಪಿಂಗ್ ಎಲುಬಿಗೆ ಒಳ್ಳೆಯದೆಂದು ಮೇಲೆ ಹೇಳಿರುವುದು ನಿಜ, ಆದರೆ ಎಲುಬು ಪ್ರತಿಯೊಂದು ಹೊರೆಯನ್ನೂ ಒಂದೇ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ.

ಮುಂದಿನ ಎರಡು ವಾರ ಓಟವನ್ನು ನಿಲ್ಲಿಸಿ ಸೈಕಲ್ ಅಥವಾ ಈಜಿಗೆ ಬದಲಾಯಿಸಿ, ಸ್ಕಿಪ್ಪಿಂಗ್ ಬೇಡ, ಕಿಕ್‌ಗಳನ್ನು ಗಾಳಿಯಲ್ಲಿ ಮಾತ್ರ ನಿಧಾನವಾಗಿ ಹಾಕಿ ಹಿಮ್ಮಡಿಯನ್ನು ತಿದ್ದಿಕೊಳ್ಳಿ. ಮೀನಖಂಡದ ವ್ಯಾಯಾಮವನ್ನು ನೋವು ಬಾರದ ಮಟ್ಟಿಗೆ ಮುಂದುವರಿಸಬಹುದು. ಬೆಳಗಿನ ನೋವು ಪೂರ್ತಿ ಹೋದ ಮೇಲೆ ಮೊದಲು ಮೆತ್ತನೆಯ ಪ್ಯಾಡ್‌ಗೆ ಕಿಕ್ ಆರಂಭಿಸಿ, ಅದಾದ ಒಂದು ವಾರದ ನಂತರ ಓಟವನ್ನು ದಿನ ಬಿಟ್ಟು ದಿನ, ಹಿಂದಿನ ದೂರದ ಅರ್ಧದಿಂದ ಶುರುಮಾಡಿ. ಎರಡು ವಾರದ ನಂತರವೂ ನೋವು ಹಾಗೆಯೇ ಇದ್ದರೆ, ಅಥವಾ ಹರಡಿದ್ದ ನೋವು ಈ ನಡುವೆ ಒಂದೇ ಬಿಂದುವಿಗೆ ಬಂದು ನಿಂತರೆ, ಮೂಳೆ ವೈದ್ಯರನ್ನು ಕಂಡು ಪರೀಕ್ಷೆ ಮಾಡಿಸಿಕೊಳ್ಳಿ. ಎಷ್ಟು ಕಿಕ್, ಎಷ್ಟು ಓಟ, ಎಷ್ಟು ದಿನದಿಂದ ಎಂಬುದನ್ನು ಅವರಿಗೆ ಬಿಡಿಸಿ ಹೇಳಿ. ಇಷ್ಟು ವಿವರವಿಲ್ಲದೆ ಬರೀ ಕಾಲು ನೋವೆಂದರೆ ಒತ್ತಡದ ಬಿರುಕಿನ ಕಡೆಗೆ ಅವರ ಗಮನ ತಕ್ಷಣ ಹೋಗದೇ ಇರಬಹುದು.